ಕೈಗುಣ ಅಂತ ಒಂದು ನಿಜವಾಗಿ ಇದೆಯಾ? ನಾಲ್ಕನೇ ಬೋರಿನ ಮುಂದೆ ನಿಂತಿದ್ದೇವೆ

ನಾಗಮಂಗಲ ಸೀಮೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ನಾಗಮಂಗಲ ತಾಲ್ಲೂಕು. ಎರಡೂವರೆ ಎಕರೆ ತೆಂಗು, ಮಿಕ್ಕಿದ್ದರಲ್ಲಿ ರಾಗಿ, ಹುರುಳಿ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ರಾತ್ರಿ ಊರಿಗೆ ಹೋಗುತ್ತೇನೆ.

ಅಪ್ಪ 2009ರಲ್ಲಿ ಮೊದಲ ಬೋರ್ ಹಾಕಿಸಿದರು. ಪಾಯಿಂಟ್ ಇಟ್ಟವರು ಅವರೇ. ಹುತ್ತದ ಪಕ್ಕ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿತ್ತು, ಅಲ್ಲಿ ಒಂದು ಕಲ್ಲಿಟ್ಟರು. 180 ಅಡಿಗೆ ಎರಡು ಇಂಚು ನೀರು ಬಂತು. ಆ ದಿನದ ಅಪ್ಪನ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಊರವರೆಲ್ಲ "ನಿನ್ನ ಕೈಗುಣ ಕಣಪ್ಪ" ಅಂದರು. ಅಕ್ಕಪಕ್ಕದ ನಾಲ್ಕೈದು ಜನ ತಮ್ಮ ಹೊಲಕ್ಕೂ ಕರೆದುಕೊಂಡು ಹೋಗಿ ಕಲ್ಲಿಡಿಸಿಕೊಂಡರು.

ಏಳೆಂಟು ವರ್ಷ ಚೆನ್ನಾಗಿತ್ತು. ಆಮೇಲೆ ಬತ್ತಿತು. ಎರಡನೇ ಬೋರಿಗೆ ಕವೆ ಕೋಲು ಹಿಡಿದು ನೀರು ನೋಡುವವರು ಬಂದು ಪಾಯಿಂಟ್ ಇಟ್ಟರು. 620 ಅಡಿ, ಬರೀ ಧೂಳು. ಮೂರನೆಯದಕ್ಕೆ ತೆಂಗಿನಕಾಯಿಯಲ್ಲಿ ನೋಡುವವರು ಬಂದರು. 480 ಅಡಿಗೆ ಕೊರೆದ ಕಲ್ಲಿನ ಪುಡಿ ಹಸಿಯಾಯಿತು. ಎಲ್ಲರೂ ಕುಣಿದಾಡಿಬಿಟ್ಟೆವು. "ಇನ್ನೊಂದು ಐವತ್ತು ಅಡಿ ಬಿಡಿ" ಅಂತ ಅಪ್ಪ ಹೇಳುತ್ತಲೇ ಹೋದರು, ಹೇಳುತ್ತಲೇ ಹೋದರು. 850 ಅಡಿಗೆ ನಿಲ್ಲಿಸಿದೆವು. ಒಂದು ಬಿಂದಿಗೆ ನೀರೂ ಇಲ್ಲ.

ಈಗ ನಾಲ್ಕನೆಯದು ಹಾಕಿಸಬೇಕು ಅಂತಾರೆ. "ಎರಡು ಸಲ ಬೇರೆಯವರ ಮಾತು ಕೇಳಿ ಕೆಟ್ಟೆ. ಈ ಸಲ ಕಲ್ಲಿಡುವುದು ನಾನೇ" ಅನ್ನುವುದು ಅವರ ಮಾತು. ಅವ್ವನ ಸರ ಅಡ ಇಡುವ ಯೋಚನೆಯಲ್ಲಿದ್ದಾರೆ.

ಅಪ್ಪನಿಗೆ ಬುದ್ಧಿ ಇಲ್ಲ ಅಂತ ಯಾರೂ ಹೇಳಬೇಡಿ. ಕೊಬ್ಬರಿ ಲೆಕ್ಕದಲ್ಲಿ ಮಂಡಿಯವರೇ ಅವರಿಗೆ ಹೆದರುತ್ತಾರೆ. ಒಂದು ರೂಪಾಯಿ ಸುಮ್ನೆ ಖರ್ಚು ಮಾಡುವವರಲ್ಲ. ಇದೊಂದು ವಿಷಯದಲ್ಲಿ ಮಾತ್ರ ಯಾಕೆ ಹೀಗೆ? ಅವರ ಮನಸ್ಸು ನೋಯದ ಹಾಗೆ ಏನು ಹೇಳಲಿ?

ಕುವೆಂಪುನಗರ ಮೇಷ್ಟ್ರು:

ನಿಮ್ಮ ಅಪ್ಪನ ಮೇಲೆ ನಿಮಗಿರುವ ಗೌರವ ನೋಡಿ ಸಂತೋಷವಾಯಿತು. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನೀವು ಹೇಳಿದ್ದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆ, ಹಿಡಿತದ ಭ್ರಮೆ. ನಮ್ಮ ಕೈಯಲ್ಲಿ ಇಲ್ಲದ್ದು ನಮ್ಮ ಕೈಯಲ್ಲೇ ಇದೆ ಅನ್ನಿಸುವುದು.

ಎಲೆನ್ ಲ್ಯಾಂಗರ್ ಅನ್ನುವ ಅಮೆರಿಕದ ವಿದ್ವಾಂಸೆ 1975ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಆಫೀಸುಗಳಲ್ಲಿ ಒಂದು ಡಾಲರಿಗೆ ಒಂದರಂತೆ ಲಾಟರಿ ಚೀಟಿ ಮಾರಿಸಿದರು. ಅರ್ಧ ಜನ ತಮಗೆ ಬೇಕಾದ ಚೀಟಿ ತಾವೇ ಆರಿಸಿಕೊಂಡರು. ಇನ್ನರ್ಧ ಜನಕ್ಕೆ ಕೊಟ್ಟದ್ದೇ ಚೀಟಿ. ಡ್ರಾ ಆಗುವ ಮೊದಲು ಒಬ್ಬೊಬ್ಬರನ್ನೂ ಕೇಳಿದರು, "ಇನ್ನೊಬ್ಬರಿಗೆ ಈ ಚೀಟಿ ಬೇಕಂತೆ, ಎಷ್ಟಕ್ಕೆ ಕೊಡುತ್ತೀರಿ?" ಸುಮ್ಮನೆ ತೆಗೆದುಕೊಂಡವರು ಕೇಳಿದ್ದು ಸರಾಸರಿ 1.96 ಡಾಲರ್. ತಾವೇ ಆರಿಸಿದವರು ಕೇಳಿದ್ದು 8.67 ಡಾಲರ್! ಚೀಟಿ ಅದೇ, ಗೆಲ್ಲುವ ಸಾಧ್ಯತೆಯೂ ಅಷ್ಟೇ. ಆರಿಸಿದ ಕೈ ಮಾತ್ರ ಬೇರೆ.

ನಿಮ್ಮ ಅಪ್ಪ "ಕಲ್ಲಿಡುವುದು ನಾನೇ" ಅಂದಾಗ ನನಗೆ ನೆನಪಾದದ್ದು ಈ ಚೀಟಿ. ಇದಕ್ಕೂ ಬುದ್ಧಿವಂತಿಕೆಗೂ ಸಂಬಂಧ ಕಡಿಮೆ. ಆರಿಸುವುದು, ಮುಟ್ಟುವುದು, ಅಭ್ಯಾಸ ಮಾಡುವುದು, ಎದುರಾಳಿಯ ಮುಖ ನೋಡುವುದು, ಇವೆಲ್ಲ ಕೌಶಲ ಬೇಕಾದ ಕೆಲಸದಲ್ಲಿ ಫಲ ಕೊಡುತ್ತವೆ. ಅದೃಷ್ಟದ ಕೆಲಸದಲ್ಲೂ ಅವೇ ಕಾಣಿಸಿಕೊಂಡರೆ ಮನಸ್ಸು ಮೋಸಹೋಗುತ್ತದೆ.

ಹುಣಸೆ ಬೀಜ:

ಮೇಷ್ಟ್ರೇ, ಇದು ನಮ್ಮ ಮನೆಯಲ್ಲಿ ದಿನಾ ನಡೆಯುತ್ತಿತ್ತು. ನಮ್ಮಜ್ಜಿ ಚೌಕಾಬಾರ ಆಡುವಾಗ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಕಡೆ ಬೆಳ್ಳಗೆ ಮಾಡಿಕೊಂಡಿರುತ್ತಿದ್ದರು. ಬಾರ ಬೇಕಾದರೆ ಬೀಜವನ್ನು ಅಂಗೈಯಲ್ಲಿ ಜೋರಾಗಿ ಕುಲುಕಿ ಎತ್ತರದಿಂದ ಬಿಡುತ್ತಿದ್ದರು. ಒಂದೇ ಒಂದು ಬೇಕಾದರೆ ಮೆಲ್ಲಗೆ, ನೆಲಕ್ಕೆ ಒರೆಸಿದ ಹಾಗೆ. ನಾನು ಇವತ್ತಿಗೂ ಹಾಗೇ ಬಿಡುತ್ತೇನೆ. ಮಗಳು ನನ್ನನ್ನು ನೋಡಿ ಹಾಗೇ ಕಲಿತಿದ್ದಾಳೆ.

ಕುವೆಂಪುನಗರ ಮೇಷ್ಟ್ರು:

ಅಮ್ಮಾ, ನಿಮ್ಮ ಅಜ್ಜಿ ಮಾಡಿದ್ದನ್ನೇ ಅಮೆರಿಕದ ಟ್ಯಾಕ್ಸಿ ಚಾಲಕರೂ ಮಾಡುತ್ತಿದ್ದರು. ಜೇಮ್ಸ್ ಹೆನ್ಸ್‌ಲಿನ್ ಅನ್ನುವವರು ಅವರ ಜೊತೆ ದಾಳದ ಆಟ ಆಡುತ್ತಾ ನೋಡಿ 1967ರಲ್ಲಿ ಬರೆದರು. ಸಣ್ಣ ಸಂಖ್ಯೆ ಬೇಕಾದರೆ ಮೆಲ್ಲಗೆ ಎಸೆತ, ದೊಡ್ಡದು ಬೇಕಾದರೆ ಜೋರಾಗಿ. ಒಂದೊಂದು ಬೀಜವೂ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ ಅಂತ ಇಟ್ಟುಕೊಂಡರೆ, ನಾಲ್ಕೂ ಒಂದೇ ಮಗ್ಗುಲಿಗೆ ಬಿದ್ದು ಚೌಕ ಆಗುವುದು ಹದಿನಾರರಲ್ಲಿ ಒಂದು ಸಲ. ನಾಲ್ಕೂ ಇನ್ನೊಂದು ಮಗ್ಗುಲಿಗೆ ಬೀಳುವ ಬಾರವೂ ಅಷ್ಟೇ. ಎಷ್ಟು ಕುಲುಕಿದರೂ ಅಷ್ಟೇ.

ಕಾಯಿ ಹಿಡಿದವರ ಮೊಮ್ಮಗ:

ನನಗೆ ಬೇಜಾರಾಯಿತು. ನಮ್ಮ ತಾತ ಐವತ್ತು ವರ್ಷ ಕಾಯಿ ಹಿಡಿದು ನೀರು ನೋಡಿದವರು. ಯಾರ ಹತ್ತಿರವೂ ದುಡ್ಡು ಕೇಳಿದವರಲ್ಲ. ಎಲೆ ಅಡಿಕೆ, ಒಂದು ಊಟ, ಅಷ್ಟೇ. ಅಂಗೈ ಮೇಲೆ ಮಲಗಿದ್ದ ಕಾಯಿ ತಾನಾಗಿ ಎದ್ದು ನಿಲ್ಲುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅವರು ಇಟ್ಟ ಪಾಯಿಂಟಲ್ಲಿ ನೀರು ಬಂದ ತೋಟ ಎಷ್ಟೋ ಇವೆ. ಅದೆಲ್ಲ ಸುಳ್ಳು ಅಂತೀರಾ?

ಕುವೆಂಪುನಗರ ಮೇಷ್ಟ್ರು:

ಇಲ್ಲಪ್ಪ, ನಿಮ್ಮ ತಾತ ಸುಳ್ಳು ಹೇಳಿದರು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕಾಯಿ ಎದ್ದು ನಿಂತದ್ದು ನಿಜ. ಎತ್ತಿದ್ದು ಯಾರು ಅನ್ನುವುದಷ್ಟೇ ಪ್ರಶ್ನೆ.

1853ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಹುಚ್ಚು ಹಬ್ಬಿತ್ತು. ಹತ್ತು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಮೇಜು ತಾನಾಗಿ ತಿರುಗುತ್ತದೆ, ಅದು ಸತ್ತವರ ಶಕ್ತಿ ಅಂತ. ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಫ್ಯಾರಡೆಯೇ, ಇದನ್ನು ಪರೀಕ್ಷಿಸಲು ಹೊರಟರು. ಕೈಗೂ ಮೇಜಿಗೂ ನಡುವೆ ರಟ್ಟಿನ ಪದರಗಳನ್ನು ಮೆತ್ತನೆ ಅಂಟು ಹಾಕಿ ಇಟ್ಟರು. ಮೇಜು ಮೊದಲು ಚಲಿಸಿದ್ದರೆ ಕೆಳಗಿನ ಪದರ ಮುಂದೆ ಹೋಗಬೇಕಿತ್ತು. ಮುಂದೆ ಹೋಗಿದ್ದು ಮೇಲಿನ ಪದರ. ಅಂದರೆ ಕೈ ಮೊದಲು ತಳ್ಳಿತ್ತು. ಕೂತವರೆಲ್ಲ ಪ್ರಾಮಾಣಿಕರು, ತಳ್ಳಿದ್ದು ಅವರಿಗೇ ಗೊತ್ತಿಲ್ಲ! ತಮ್ಮ ಕೈ ಎತ್ತ ಸರಿಯುತ್ತಿದೆ ಅಂತ ಅವರಿಗೇ ಕಾಣುವ ಹಾಗೆ ಒಂದು ಕಡ್ಡಿ ಇಟ್ಟಾಗ ಮೇಜು ತಿರುಗುವುದೇ ನಿಂತಿತು.

ನೀರು ನೋಡುವವರ ಮೇಲೆಯೇ ಜರ್ಮನಿಯ ಮ್ಯೂನಿಕ್ ಹತ್ತಿರ 1987–88ರಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಒಂದು ಕಣಜದ ಮನೆಯ ಕೆಳಗಡೆ ನೀರಿನ ಪೈಪನ್ನು ಅತ್ತಿತ್ತ ಸರಿಸುವುದು, ಮೇಲಿನ ಮಹಡಿಯಲ್ಲಿ ಕೋಲು ಹಿಡಿದವರು ಅದು ಎಲ್ಲಿದೆ ಅಂತ ಹೇಳುವುದು. ಸುಮಾರು 500 ಜನರಲ್ಲಿ ಒಳ್ಳೆಯವರು ಅಂತ 43 ಜನರನ್ನು ಆರಿಸಿದ್ದರು. 843 ಸಲ ನೋಡಿದರು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂತಲೇ ಬರೆದರು. ಜಿಮ್ ಎನ್‌ರೈಟ್ ಅನ್ನುವ ವಿಜ್ಞಾನಿ ಆಮೇಲೆ ಅದೇ ಅಂಕಿಗಳನ್ನು ಕೂತು ನೋಡಿದರು. ಸುಮ್ನೆ ಊಹೆ ಮಾಡಿದ್ದಕ್ಕಿಂತ ಜಾಸ್ತಿ ಏನೂ ಅದರಲ್ಲಿ ಇರಲಿಲ್ಲ.

ರಿಗ್ ಲಾರಿ ಲೆಕ್ಕ:

ನಾನು ಬೋರ್ ಏಜೆನ್ಸಿಯಲ್ಲಿ ಹನ್ನೊಂದು ವರ್ಷ ಅಡಿ ಲೆಕ್ಕ ಬರೆದವನು. ಕೆ.ಆರ್. ಪೇಟೆ, ನಾಗಮಂಗಲ, ಆ ಕಡೆ ಚನ್ನರಾಯಪಟ್ಟಣದ ತನಕ. ಲಾರಿ ತಿರುಚೆಂಗೋಡಿನದು, ಹುಡುಗರು ತಮಿಳಿನವರು. ನೀರು ಬರಲಿ ಬಿಡಲಿ, ನಮಗೆ ಅಡಿಗಿಷ್ಟು ಅಂತ ದುಡ್ಡು. ಅದಕ್ಕೇ ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಾಗಮಂಗಲ ಸೀಮೆ ಅವರೇ, ನಿಮ್ಮ 480 ಅಡಿಯ ಹಸಿ ಪುಡಿ ಓದಿ ನನ್ನ ಹೊಟ್ಟೆ ಚುರುಕ್ ಅಂತು. ಜನ ಮುಳುಗುವುದು ಅಲ್ಲೇ. ಬರೀ ಧೂಳು ಬರುತ್ತಿದ್ದರೆ ರೈತ 500ಕ್ಕೆ ಸಾಕು ಅಂತಾನೆ. ಪುಡಿ ಒಂದು ಸಲ ಹಸಿಯಾದರೆ ಸಾಕು, ಅವನ ಕೈಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಹೆಂಡತಿ ಬೇಡ ಅಂದರೂ ಕೇಳುವುದಿಲ್ಲ. ನಿಂಬೆಹಣ್ಣು ತರಿಸುತ್ತಾನೆ, ಊದುಬತ್ತಿ ಹಚ್ಚುತ್ತಾನೆ, ಚಪ್ಪಲಿ ಬಿಟ್ಟು ನಿಲ್ಲುತ್ತಾನೆ, ನಿಂತ ಜಾಗ ಬದಲಾಯಿಸುತ್ತಾನೆ. "ನಾನು ಆ ಮರದ ಕೆಳಗೆ ಹೋದಾಗಲೇ ಹಸಿಯಾಗಿದ್ದು" ಅಂತ ಒಬ್ಬರು ವಾಪಸ್ ಹೋಗಿ ಬೆಳಗಿನ ಜಾವದವರೆಗೆ ಮರದ ಕೆಳಗೇ ಕೂತಿದ್ದರು. ನನಗೆ ಆ ರಾತ್ರಿ ಮರೆಯಲು ಆಗಿಲ್ಲ.

ನಮ್ಮ ಕಡೆ ಕೆಳಗೆ ಇರುವುದು ಗಟ್ಟಿ ಬಂಡೆ. ನೀರು ಇರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಇಲ್ಲ ಬಂಡೆಯ ಬಿರುಕಿನಲ್ಲಿ. ಸಣ್ಣ ಬಿರುಕು ಸಿಕ್ಕಿದರೆ ಪುಡಿ ಹಸಿಯಾಗುತ್ತದೆ, ಅಷ್ಟೇ. ಅದರ ಕೆಳಗೆ ದೊಡ್ಡ ಬಿರುಕು ಇದೆ ಅಂತ ಅದು ಹೇಳುವುದಿಲ್ಲ.

ಹಾಸ್ಟೆಲ್ ರೂಂ 14:

ರಿಗ್ ಅಣ್ಣ, ನೀವು ಹೇಳಿದ ಹಸಿ ಪುಡಿ ನನಗೂ ಗೊತ್ತು. ನನ್ನದು ಮೊಬೈಲಿನಲ್ಲಿ. ಕೆಂಪು, ಹಸಿರು ಬಣ್ಣ ಹೇಳುವ ಆಟ. ಹೆಸರು ಬೇಡ. ಮೊದಲ ದಿನ 100 ಹಾಕಿದೆ, 400 ಆಯಿತು. ಎರಡನೇ ದಿನವೂ ಗೆದ್ದೆ. ನನಗೆ ಅದರ ನಾಡಿ ಸಿಕ್ಕಿತು ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ಯಾವ ಬಣ್ಣ ಎಷ್ಟು ಸಲ ಬಂತು ಅಂತ ಬರೆಯುತ್ತಿದ್ದೆ. ಆರು ಸಲ ಕೆಂಪು ಬಂದರೆ ಈಗ ಹಸಿರು ಬರಲೇಬೇಕು ಅಂತ ಎರಡರಷ್ಟು ಹಾಕುತ್ತಿದ್ದೆ. ಎರಡು ಸೆಮಿಸ್ಟರಿನ ಫೀಸ್ ಹೋಯಿತು. ಅಮ್ಮನಿಗೆ ಹೇಳಿದ ದಿನ ಅವರು ಏನೂ ಬೈಯಲಿಲ್ಲ, ಒಲೆ ಆರಿಸಿ ಸುಮ್ಮನೆ ಕೂತರು. 2025ರ ಆಗಸ್ಟಿನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಬಂದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವನು ನಾನೇ ಇರಬೇಕು.

ಕುವೆಂಪುನಗರ ಮೇಷ್ಟ್ರು:

ತಮ್ಮಾ, ಇದನ್ನು ಇಲ್ಲಿ ಬರೆಯಲು ಧೈರ್ಯ ಬೇಕು. ಅಮ್ಮನಿಗೆ ಹೇಳಿದ್ದು ಅದಕ್ಕಿಂತ ದೊಡ್ಡದು.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜಿನ ಮನೆಯಲ್ಲಿ ಚಕ್ರದ ಗುಂಡು ಸತತವಾಗಿ 26 ಸಲ ಕಪ್ಪಿಗೇ ಬಿತ್ತು. ಹತ್ತಾದ ಮೇಲೆ, ಹದಿನೈದಾದ ಮೇಲೆ, ಜನ ನಿನ್ನ ಹಾಗೇ ಯೋಚಿಸಿ ಕೆಂಪಿನ ಮೇಲೆ ಸುರಿದರು. ಗುಂಡಿಗೆ ಹಿಂದಿನದು ನೆನಪಿರುವುದಿಲ್ಲ.

ನಿನ್ನ ಮೊದಲ ಎರಡು ದಿನದ ಗೆಲುವು ಕೂಡ ಮುಖ್ಯ. ಲ್ಯಾಂಗರ್ ಮತ್ತು ಜೇನ್ ರೋತ್ ಅದೇ 1975ರಲ್ಲಿ ಹುಡುಗರಿಂದ ನಾಣ್ಯದ 30 ಚಿಮ್ಮುಗಳನ್ನು ಊಹೆ ಮಾಡಿಸಿದರು. ಒಟ್ಟು ಗೆಲುವು ಎಲ್ಲರಿಗೂ ಒಂದೇ ಬರುವ ಹಾಗೆ ಮೊದಲೇ ಹೊಂದಿಸಿದ್ದರು. ಶುರುವಿನಲ್ಲೇ ಜಾಸ್ತಿ ಗೆದ್ದವರು ಮಾತ್ರ ತಮಗೆ ಊಹೆ ಮಾಡುವ ಶಕ್ತಿ ಇದೆ ಅಂದುಕೊಂಡರು. ಮುಂದಿನ ಸಲವೂ ಗೆಲ್ಲುತ್ತೇವೆ ಅಂದರು.

ನಾಗಮಂಗಲ ಸೀಮೆ ಅವರೇ, ನಿಮ್ಮ ಅಪ್ಪನ 2009ರ ಬೋರ್ ನೆನಪಾಗುತ್ತಿದೆಯಾ? ಅದು ಮೂರನೆಯದಾಗಿದ್ದರೆ ಅವರಿಗೆ ಕೈಗುಣದ ಹೆಸರು ಬರುತ್ತಿತ್ತಾ?

ನಾಗಮಂಗಲ ಸೀಮೆ:

ಮೇಷ್ಟ್ರೇ, ಇದನ್ನು ನಾನು ಯಾವತ್ತೂ ಹೀಗೆ ಯೋಚಿಸಿರಲಿಲ್ಲ. ನೀರು ಬಂದರೆ ಕೈಗುಣ, ಬರದಿದ್ದರೆ ಹಣೆಬರಹ. ನಮ್ಮೂರಿನಲ್ಲಿ ಎಲ್ಲರೂ ಹೀಗೇ ಮಾತಾಡುವುದು. ಅಪ್ಪ ಅಕ್ಕಪಕ್ಕದವರಿಗೆ ಇಟ್ಟ ಕಲ್ಲುಗಳಲ್ಲಿ ಎರಡು ಫೇಲಾಗಿದ್ದವು. ಅದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ದೇವರಾಜ ಮಾರ್ಕೆಟ್ ಹೂವು:

ನಾನು ಬೆಳಿಗ್ಗೆ ಐದಕ್ಕೆ ಅಂಗಡಿ ತೆಗೆಯುತ್ತೇನೆ. ಬೋಣಿ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಒಬ್ಬ ಅಕ್ಕ ಬೋಣಿ ಮಾಡಿದರೆ ಆ ದಿನ ವ್ಯಾಪಾರ ಚೆನ್ನಾಗಿರುತ್ತದೆ ಅಂತ ನಂಬಿದ್ದೇನೆ. ಅದರಿಂದ ಯಾರಿಗೂ ನಷ್ಟವಿಲ್ಲ ಅಲ್ವಾ? ಅದನ್ನೂ ಬಿಡಬೇಕಾ?

ವಿ.ಸಿ. ನಾಲೆ ಬಯಲು:

ಅಣ್ಣ, ಯಾಕೆ ಬಿಡಬೇಕು. ಖರ್ಚಿಲ್ಲದ ನಂಬಿಕೆ ಬೇರೆ, ಸರ ಅಡ ಇಡಿಸುವ ನಂಬಿಕೆ ಬೇರೆ.

ನಾನು ನಾಲೆ ಕಡೆಯವನು, ಕಬ್ಬು ಭತ್ತ. ಇದನ್ನೆಲ್ಲ ಓದುತ್ತಾ ಒಂದು ಹೊಳೆಯಿತು. ನಮ್ಮೂರಿನಲ್ಲಿ ಯಾರೂ ಕಾಯಿ ಹಿಡಿಯುವುದಿಲ್ಲ. ನಾಲೆ ನೀರು ಬರುತ್ತದೆ, ತೂಬು ಎತ್ತುತ್ತೇವೆ. ಬರದಿದ್ದರೆ ಕಟ್ಟೆ ಲೆವೆಲ್ ನೋಡುತ್ತೇವೆ. ಕೆ.ಆರ್.ಎಸ್. ತುಂಬಿದರೆ 124.80 ಅಡಿ, ಅದು ಮಕ್ಕಳಿಗೂ ಗೊತ್ತು. 2023ರಲ್ಲಿ ತುಂಬಲಿಲ್ಲ, ಕಷ್ಟಪಟ್ಟೆವು. ಕೊಡಗಿನಲ್ಲಿ ಮಳೆ ಹಿಡಿದರೆ ತುಂಬುತ್ತದೆ. ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತು. ಬಾಗಿನ ಕೂಡ ಕೊಡುವುದು ತುಂಬಿದ ಮೇಲೆ. ಅದು ತುಂಬಿಸುವುದಕ್ಕೆ ಅಲ್ಲ, ತುಂಬಿದ್ದಕ್ಕೆ. ನೀರಾವರಿ ಇಲ್ಲದ ಕಡೆಯವರೇ ಕಾಯಿ, ಕೋಲು ಅಂತ ಓಡಾಡುವುದು. ಅವರ ತಪ್ಪಲ್ಲ ಅದು.

ಕುವೆಂಪುನಗರ ಮೇಷ್ಟ್ರು:

ನೀವು ಹೇಳಿದ್ದು ತುಂಬಾ ದೊಡ್ಡ ಮಾತು. ಮಾಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ ಇದ್ದು ಇದನ್ನೇ ಕಂಡರು. ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿಯ ಜನ ಮಂತ್ರ ಹೇಳುತ್ತಿರಲಿಲ್ಲ. ತೆರೆದ ಸಮುದ್ರಕ್ಕೆ, ಅಪಾಯಕ್ಕೆ, ಮೀನು ಸಿಗುವ ಖಾತ್ರಿ ಇಲ್ಲದ ಕಡೆಗೆ ಹೋಗುವಾಗ ಮಾತ್ರ ಮಂತ್ರ.

ರಾಗಿ ಮುದ್ದೆ:

ನಾನು ಒಪ್ಪುವುದಿಲ್ಲ. ನೀವೆಲ್ಲ ಲೆಕ್ಕ ಹಾಕಿ ಹಾಕಿ ಮನುಷ್ಯನ ಭರವಸೆ ತೆಗೆದುಬಿಡುತ್ತೀರಿ. ಮಳೆ ಬರುತ್ತದೆ ಅಂತ ನಂಬದಿದ್ದರೆ ನಾಗಮಂಗಲದಲ್ಲಿ ಯಾರು ಬಿತ್ತುತ್ತಾರೆ? ನಮ್ಮಪ್ಪನೂ ಹೀಗೇ ನಂಬಿ ನಂಬಿ ನಮ್ಮನ್ನು ಓದಿಸಿದರು.

ಕುವೆಂಪುನಗರ ಮೇಷ್ಟ್ರು:

ನಿಮ್ಮ ಮಾತಿಗೂ ಆಧಾರ ಇದೆ. ಅಲಾಯ್ ಮತ್ತು ಅಬ್ರಾಮ್ಸನ್ 1979ರಲ್ಲಿ ವಿದ್ಯಾರ್ಥಿಗಳ ಕೈಗೆ ಒಂದು ಗುಂಡಿ ಕೊಟ್ಟು, ಎದುರಿನ ಹಸಿರು ದೀಪದ ಮೇಲೆ ನಿಮ್ಮ ಹಿಡಿತ ಎಷ್ಟು ಅಂತ ಕೇಳಿದರು. ದೀಪ ತನ್ನಷ್ಟಕ್ಕೆ ಹತ್ತುತ್ತಿದ್ದಾಗಲೂ, ಅದು ಗೆಲುವಿನ ಹಾಗೆ ಕಂಡರೆ, ಚೆನ್ನಾಗಿದ್ದವರು "ನನ್ನಿಂದಲೇ" ಅಂದುಕೊಂಡರು. ಮನಸ್ಸು ಕುಗ್ಗಿದ್ದವರು ಹೆಚ್ಚು ಸರಿಯಾಗಿ ಹೇಳಿದರು. ಅಂದರೆ ಸ್ವಲ್ಪ ಭ್ರಮೆ ಆರೋಗ್ಯವಂತ ಮನಸ್ಸಿನಲ್ಲೂ ಇರುತ್ತದೆ. ಬಿತ್ತಲು ಅದು ಬೇಕು. ರಾಗಿ ಹೋದರೆ ಒಂದು ಬೆಳೆ ಹೋಗುತ್ತದೆ. ಬೋರ್ ಹೋದರೆ ಅವ್ವನ ಸರ ಹೋಗುತ್ತದೆ. ನಾನು ಗೆರೆ ಎಳೆಯುವುದು ಅಲ್ಲಿ.

ರಿಗ್ ಲಾರಿ ಲೆಕ್ಕ:

ನಾಗಮಂಗಲ ಸೀಮೆ, ಎರಡು ಕೆಲಸ ಮಾಡಿ. ಒಂದು, ಬೋರ್ ಹಾಕಿಸುವುದೇ ಆದರೆ ಎಷ್ಟು ಅಡಿಗೆ ನಿಲ್ಲಿಸುವುದು ಅಂತ ಲಾರಿ ಬರುವ ಮೊದಲೇ ಕಾಗದದ ಮೇಲೆ ಬರೆದು ಅವ್ವನ ಕೈಗೆ ಕೊಡಿ. ಹಸಿ ಪುಡಿ ಬಂದ ಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಎರಡು, ಅಪ್ಪನ ಜೊತೆ ವಾದ ಮಾಡಬೇಡಿ. ಅವರ ನೆನಪನ್ನೇ ಕೇಳಿ. ಊರಿನಲ್ಲಿ ಯಾರ್ಯಾರು ಯಾವಾಗ ಬೋರ್ ಹಾಕಿಸಿದರು, ಯಾರು ಪಾಯಿಂಟ್ ಇಟ್ಟರು, ನೀರು ಬಂತಾ ಇಲ್ವಾ. ಗೆದ್ದದ್ದು ಬಿದ್ದದ್ದು ಎಲ್ಲವನ್ನೂ. ಕೂತು ಬರೆಸಿ.

ಕಾಯಿ ಹಿಡಿದವರ ಮೊಮ್ಮಗ:

ಇದು ಸರಿ ಅನ್ನಿಸುತ್ತದೆ. ನಮ್ಮ ತಾತನದ್ದೂ ಬರೆದು ನೋಡುತ್ತೇನೆ. ನನಗೂ ಗೊತ್ತಾಗಬೇಕು.

ನಾಗಮಂಗಲ ಸೀಮೆ:

ಎರಡು ವಾರ ಆಯಿತು. ಹೇಳಬೇಕು ಅಂತ ಬಂದೆ.

ಭಾನುವಾರ ಜಗುಲಿಯಲ್ಲಿ ಕೂತು ಅಪ್ಪನ ಹತ್ತಿರ ಹಳೆಯ ಹಾಲಿನ ಡೇರಿ ಪುಸ್ತಕದ ಹಿಂಬದಿಯಲ್ಲಿ ಬರೆಸಿದೆ. ಅಪ್ಪನಿಗೆ ಊರಿನ ಒಂದೊಂದು ಬೋರೂ ಬಾಯಿಪಾಠ. ಅಡಿ ಎಷ್ಟು, ಕೇಸಿಂಗ್ ಪೈಪ್ ಎಷ್ಟು, ಯಾರ ಮದುವೆ ವರ್ಷ ಹಾಕಿಸಿದ್ದು, ಎಲ್ಲ. ಅವ್ವ ಒಳಗಿನಿಂದ ಎರಡು ಮೂರು ಸೇರಿಸಿದರು, ಅಪ್ಪ ಮರೆತಿದ್ದವು. ಮೂವತ್ತೊಂದು ಬೋರ್ ಆಯಿತು. ನಾನು ಯಾರು ಪಾಯಿಂಟ್ ಇಟ್ಟರು ಅನ್ನುವುದರ ಮೇಲೆ ಗುಂಪು ಮಾಡಲು ಹೊರಟಿದ್ದೆ. ಕಾಯಿ, ಕೋಲು, ಸರ್ವೆ ಮಿಷಿನ್, ಸ್ವಂತ. ಅಪ್ಪ ಬೇಡ ಅಂದರು. ಪೆನ್ಸಿಲ್ ಇಸಿದುಕೊಂಡು ಅವರೇ ವರ್ಷದ ಪ್ರಕಾರ ಜೋಡಿಸಿದರು. ಲೆಕ್ಕದವರಲ್ವಾ.

2012ಕ್ಕಿಂತ ಮುಂಚಿನವು ಹೆಚ್ಚು ಕಡಿಮೆ ಎಲ್ಲದರಲ್ಲೂ ನೀರು. ಕಾಯಿಯವರು ಇಟ್ಟದ್ದು, ಕೋಲಿನವರು ಇಟ್ಟದ್ದು, ಅಪ್ಪ ಇಟ್ಟದ್ದು, ಎಲ್ಲ. ಹಸು ಕಟ್ಟಲು ನೆರಳಿದೆ ಅಂತ ಒಬ್ಬರು ಹಾಕಿಸಿದ್ದರಲ್ಲೂ ನೀರು. 2016ರಿಂದ ಈಚಿನವು ಹೆಚ್ಚು ಕಡಿಮೆ ಎಲ್ಲವೂ ಫೇಲ್. ಅದರಲ್ಲೂ ಕಾಯಿ, ಕೋಲು, ಮಿಷಿನ್ ಎಲ್ಲ ಇವೆ. ಪಾಯಿಂಟ್ ಇಟ್ಟವರ ಹೆಸರಿನ ಸಾಲಿನ ಮೇಲೆ ಅಪ್ಪ ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಹೋದರು. ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. 2009ರ ತಮ್ಮದೇ ಸಾಲಿನ ಹತ್ತಿರ ಜಾಸ್ತಿ ಹೊತ್ತು ನಿಂತರು. ನನಗೆ ಅಳು ಬಂದ ಹಾಗಾಯಿತು. ಅವರಿಂದ ಏನನ್ನೋ ಕಿತ್ತುಕೊಂಡೆ ಅನ್ನಿಸಿತು.

ಸಂಜೆ ಅವರೊಬ್ಬರೇ ಹಳೆಯ ಬೋರಿನ ಹತ್ತಿರ ಹೋಗಿ ಬಂದರು. ಮಳೆ ಬಂದರೆ ಮೇಲಿನ ಹೊಲದ ನೀರೆಲ್ಲ ಅದರ ಪಕ್ಕದಲ್ಲೇ ಹರಿದು ಹಳ್ಳ ಸೇರುತ್ತದೆ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಆ ನೀರು ತಿರುಗಿಸಿ ಕೇಸಿಂಗ್ ಸುತ್ತ ಇಂಗುಗುಂಡಿ ಮಾಡುತ್ತಾರಂತಲ್ಲ, ಅದಕ್ಕೆ ಜೆಸಿಬಿ ಎಷ್ಟು ಗಂಟೆ ಬೇಕು?"

ನನಗೆ ಗೊತ್ತಿಲ್ಲ. ಹತ್ತು ಅಡಿ ಅಗಲ, ಹತ್ತು ಅಡಿ ಆಳ ಅಂತ ಕೇಳಿದ್ದೇನೆ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಇಲ್ಲಿ ಯಾರಾದರೂ ಮಾಡಿಸಿದವರು ಇದ್ದರೆ ಹೇಳಿ. ರಿಗ್ ಅಣ್ಣ, ಕೇಸಿಂಗಿಗೆ ತೂತು ಕೊರೆದು ಮೆಶ್ ಸುತ್ತಬೇಕು ಅಂತಾರೆ, ಹೌದಾ? ಮುಂಗಾರಿಗೆ ಮೊದಲು ಮುಗಿಸಬೇಕು ಅಂತ ಅಪ್ಪ ಅವಸರ ಮಾಡುತ್ತಿದ್ದಾರೆ.